ಶಿರಸಿಯಿಂದ ಯುರೋಪಿಗೆ ಬಿಸಿನೆಸ್ ಕ್ಲಾಸ್: ದುಡ್ಡು ಕೊಡುವುದು ಹಾಸಿಗೆಗೆ

ಅಮ್ಮನ ಮೊಣಕಾಲು ಗಟ್ಟಿ ಇದ್ದಿದ್ದರೆ ನಾನು ಬಿಸಿನೆಸ್ ಕ್ಲಾಸ್ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ತಂಗಿ ಇರುವುದು ವಿಯೆನ್ನಾದಲ್ಲಿ. ಅವಳ ಬಾಣಂತನಕ್ಕೆ ಅಮ್ಮ ಹೋಗಲೇಬೇಕಿತ್ತು. ಕಾಲು ಮಡಚಿಕೊಂಡು ಹತ್ತು ಗಂಟೆ ಕೂರುವುದು ಆಗದ ಮಾತು. ಕೊನೆಗೆ ಆ ವರ್ಷದ ಅಡಿಕೆ ದುಡ್ಡಲ್ಲಿ ಒಂದು ಪಾಲು ತೆಗೆದು ಟಿಕೆಟ್ ಮಾಡಿದೆವು. ಆಮೇಲೆ ಇನ್ನೊಂದು ಸಲವೂ ಹೋಗಿ ಬಂದೆವು. ಈಗ ನಮ್ಮ ಕಡೆ ಮಕ್ಕಳನ್ನು ಯುರೋಪಿಗೆ ಕಳಿಸಿ ಕೂತ ಅಪ್ಪ-ಅಮ್ಮಂದಿರು ಜಾಸ್ತಿ. ಮದುವೆ ಮನೆ ಊಟದ ಪಂಕ್ತಿಯಲ್ಲೂ ಯಾರಾದರೂ ಪಕ್ಕಕ್ಕೆ ವಾಲಿ ಕೇಳುತ್ತಾರೆ: "ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಆಯ್ತಾ?"

ಅರ್ಧ ಆಯಿತು, ಅರ್ಧ ಆಗಲಿಲ್ಲ. ಯಾವ ಅರ್ಧ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ಶಿರಸಿ–ಬೆಂಗಳೂರು ಸ್ಲೀಪರ್ ಬಸ್ಸಿನಲ್ಲಿ ಸಾವಿರ ಚಿಲ್ಲರೆ ಕೊಟ್ಟರೆ ಉದ್ದಕ್ಕೆ ಕಾಲು ಚಾಚಿ ಮಲಗಬಹುದು. ವಿಮಾನದಲ್ಲಿ ಹಾಗೇ ಕಾಲು ಚಾಚಲು ಲಕ್ಷಗಟ್ಟಲೆ ಕೊಡಬೇಕು. ಬಿಸಿನೆಸ್ ಕ್ಲಾಸ್ ಅಂದರೆ ಮುಖ್ಯವಾಗಿ ಇಷ್ಟೇ. ಲೌಂಜು, ವೈನು, ಬಿಸಿ ಟವೆಲ್ಲು ಎಲ್ಲ ಉಪ್ಪಿನಕಾಯಿ. ಅನ್ನ ಅಂದರೆ ಹಾಸಿಗೆ. ಟಿಕೆಟ್ ಮಾಡುವಾಗ ಪ್ರತಿ ಹೆಜ್ಜೆಯಲ್ಲೂ ಇದೊಂದು ಪ್ರಶ್ನೆ ಕೇಳಿಕೊಳ್ಳಿ: ಹಾಸಿಗೆ ಎಲ್ಲಿದೆ?

1. ಯಾವ ವಿಮಾನಕ್ಕೆ ಬಿಸಿನೆಸ್, ಯಾವುದಕ್ಕೆ ಬೇಡ

ಬೆಂಗಳೂರಿನಿಂದ ಯುರೋಪಿನ ಕಂಪನಿಗಳು ನೇರ ಹಾರುತ್ತವೆ. ಲುಫ್ತಾನ್ಸಾ ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ಗೆ, ಏರ್ ಫ್ರಾನ್ಸ್ ಪ್ಯಾರಿಸ್‌ಗೆ, ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಂಗೆ, ಬ್ರಿಟಿಷ್ ಏರ್‌ವೇಸ್ ಲಂಡನ್‌ಗೆ. ಅಲ್ಲಿಂದ ಮುಂದೆ ಬೇರೆ ಊರಿಗೆ ಹೋಗಬೇಕಾದರೆ ಇನ್ನೊಂದು ಸಣ್ಣ ವಿಮಾನ.

ಈ ಸಣ್ಣ ವಿಮಾನದ ವಿಷಯದಲ್ಲೇ ಜನ ಮೋಸ ಹೋಗುವುದು. ಯುರೋಪಿನ ಒಳಗಿನ ಹಾರಾಟಗಳಲ್ಲಿ ಬಿಸಿನೆಸ್ ಕ್ಲಾಸ್ ಅಂದರೆ ಸಾಮಾನ್ಯವಾಗಿ ಅದೇ ಇಕಾನಮಿ ಸೀಟು. ಮೂರು ಸೀಟಿನ ಸಾಲಿನಲ್ಲಿ ನಡುವಿನದ್ದನ್ನು ಖಾಲಿ ಬಿಡುತ್ತಾರೆ, ಮಧ್ಯೆ ಒಂದು ಪರದೆ ಎಳೆಯುತ್ತಾರೆ, ಊಟ ಪಿಂಗಾಣಿ ತಟ್ಟೆಯಲ್ಲಿ ಬರುತ್ತದೆ. ಅಷ್ಟೇ. ಬೆಂಗಳೂರಿನಿಂದ ಒಂದೇ ಟಿಕೆಟ್‌ನಲ್ಲಿ ಸೇರಿ ಬಂದರೆ ಬರಲಿ ಬಿಡಿ. ಅದಕ್ಕಂತಲೇ ಪ್ರತ್ಯೇಕ ದುಡ್ಡು ಕೊಡಬೇಡಿ. ಮೊದಲ ಸಲ ಈ ಸೀಟಲ್ಲಿ ಕೂತ ಅಮ್ಮ ಹಾಸಿಗೆಯ ಗುಂಡಿಗಾಗಿ ಕೈಯಾಡಿಸಿ ಕೈಯಾಡಿಸಿ ಸಾಕಾಗಿದ್ದರು.

ಇನ್ನು ಹಗಲು-ರಾತ್ರಿಯ ಲೆಕ್ಕ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ವಿಮಾನಗಳಲ್ಲಿ ಹೆಚ್ಚಿನವು ನಡುರಾತ್ರಿ ಕಳೆದ ಮೇಲೆ ಹೊರಟು ಬೆಳಿಗ್ಗೆ ಅಲ್ಲಿ ಇಳಿಯುತ್ತವೆ. ಹಾಸಿಗೆ ಕೆಲಸಕ್ಕೆ ಬರುವುದು ಆಗಲೇ. ವಾಪಸ್ ಬರುವಾಗ ಅಲ್ಲಿ ಹಗಲು ಹೊತ್ತು ಹೊರಟು ಇಲ್ಲಿ ಮಧ್ಯರಾತ್ರಿ ಸುಮಾರಿಗೆ ಮುಟ್ಟುತ್ತೀರಿ. ದಾರಿಯುದ್ದಕ್ಕೂ ಮೈಗೆ ಹಗಲೇ. ಸಿನಿಮಾ ನೋಡುತ್ತಾ ಕೂರಲು ಹಾಸಿಗೆ ಯಾಕೆ? ಹಾಗಾಗಿ ಹೋಗುವಾಗ ಬಿಸಿನೆಸ್, ಬರುವಾಗ ಪ್ರೀಮಿಯಂ ಇಕಾನಮಿ (ಬಿಸಿನೆಸ್-ಇಕಾನಮಿ ನಡುವಿನ ದರ್ಜೆ) ಅಥವಾ ಇಕಾನಮಿ ಅಂತ ಮಿಶ್ರ ಟಿಕೆಟ್ ಮಾಡಬಹುದು. ಕಂಪನಿಯ ಜಾಲತಾಣದಲ್ಲಿ ಹೋಗುವ ದಿಕ್ಕಿಗೊಂದು, ಬರುವ ದಿಕ್ಕಿಗೊಂದು ದರ್ಜೆ ಆರಿಸಲು ಬರುತ್ತದಾ ನೋಡಿ. ಬರದಿದ್ದರೆ ಏಜೆಂಟರಿಗೆ ಹೇಳಿ ಮಾಡಿಸಿ. ಎರಡು ದಿಕ್ಕಿನ ಒಟ್ಟು ದರವನ್ನೂ ಹೋಲಿಸಿ ನೋಡಿ. ಬರೀ ಒನ್‌ವೇ ಕೊಂಡರೆ ಕೆಲವೊಮ್ಮೆ ರಿಟರ್ನ್‌ಗಿಂತಲೂ ದುಬಾರಿ ಬೀಳುತ್ತದೆ. ಮೊಣಕಾಲು ತೀರಾ ಕೈಕೊಟ್ಟವರಿಗೆ ಮಾತ್ರ ಈ ಉಳಿತಾಯದ ಬುದ್ಧಿ ಬೇಡ, ಎರಡೂ ಕಡೆ ಹಾಸಿಗೆಯೇ ಇರಲಿ.

ದರ ಸಾಮಾನ್ಯವಾಗಿ ಇಕಾನಮಿಯ ಮೂರು-ನಾಲ್ಕು ಪಟ್ಟು. ತೆರಿಗೆಯೂ ಬೇರೆ: 2025ರ ಸೆಪ್ಟೆಂಬರ್ 22ರಿಂದ ಇಕಾನಮಿ ಟಿಕೆಟ್‌ಗೆ ಜಿಎಸ್‌ಟಿ 5 ಶೇಕಡಾ, ಅದಕ್ಕಿಂತ ಮೇಲಿನ ದರ್ಜೆಗೆ 18 ಶೇಕಡಾ. ಮೊದಲು ಅದು 12 ಇತ್ತು. ಇಕಾನಮಿ ಟಿಕೆಟ್ ಕೊಂಡು, ಹೊರಡುವ ಕೆಲವು ದಿನ ಮೊದಲು ಕಂಪನಿಯಿಂದ ಬರುವ ಅಪ್‌ಗ್ರೇಡ್ ಆಫರ್ ಕಾಯುವವರಿದ್ದಾರೆ. ಸಿಕ್ಕರೆ ಲಾಟರಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಲಾಟರಿ ನಂಬಬೇಡಿ ಅನ್ನುವುದು ನನ್ನ ಅಭಿಪ್ರಾಯ.

2. ಸೀಟಿನ ನಕ್ಷೆ ಓದುವುದು

ಸ್ಲೀಪರ್ ಬಸ್ ಬುಕ್ ಮಾಡಿದ ಯಾರಿಗೂ ಇದು ಕಷ್ಟವಲ್ಲ. ಬಸ್ಸಿನಲ್ಲಿ ಒಂದು ಬದಿ ಸಿಂಗಲ್, ಇನ್ನೊಂದು ಬದಿ ಡಬಲ್ ಇರುತ್ತದಲ್ವಾ? ಡಬಲ್‌ನಲ್ಲಿ ಕಿಟಕಿ ಬದಿ ಬಿದ್ದರೆ ರಾತ್ರಿ ಏಳಲು ಪಕ್ಕದವರನ್ನು ದಾಟಬೇಕು. ವಿಮಾನದಲ್ಲೂ ಅದೇ ಕಥೆ.

ನಕ್ಷೆಯಲ್ಲಿ ಅಡ್ಡ ಸಾಲು 1-2-1 ಅಂತಿದ್ದರೆ (ಅಂಕಿ ಅಂದರೆ ಸೀಟು, ನಡುವಿನ ಗೆರೆ ಅಂದರೆ ಓಡಾಡುವ ದಾರಿ) ಎಲ್ಲರಿಗೂ ನೇರ ದಾರಿ. 2-2-2 ಅಂತಿದ್ದರೆ ಕಿಟಕಿಯವರು ಪಕ್ಕದವರ ಚಾಚಿದ ಕಾಲು ದಾಟಬೇಕು. ರಾತ್ರಿ ಎರಡು ಸಲ ಏಳುವ ಹಿರಿಯರಿಗೆ ಇದು ನರಕ. ಲುಫ್ತಾನ್ಸಾದ ಹಳೆಯ ಬಿಸಿನೆಸ್ ಕ್ಯಾಬಿನ್ 2-2-2. ಅಲಗ್ರಿಸ್ ಅನ್ನುವ ಹೊಸ ಕ್ಯಾಬಿನ್ 2024ರ ಮೇ ತಿಂಗಳಿಂದ ಒಂದೊಂದೇ ವಿಮಾನಕ್ಕೆ ಬರುತ್ತಿದೆ. ಅದರಲ್ಲಿ ಎಲ್ಲರಿಗೂ ನೇರ ದಾರಿ ಇದೆ, ಆದರೆ ಕೆಲವು ಒಳ್ಳೆ ಸೀಟಿಗೆ ಮತ್ತೆ ದುಡ್ಡು. ಬ್ರಿಟಿಷ್ ಏರ್‌ವೇಸ್‌ನ ಬಾಗಿಲಿರುವ ಕ್ಲಬ್ ಸೂಟ್ 2019ರಲ್ಲಿ ಶುರುವಾಯಿತು. ಅವರ ಹಳೆಯ ಕ್ಯಾಬಿನ್‌ನಲ್ಲಿ ಅರ್ಧ ಜನ ಹಿಂದಕ್ಕೆ ಮುಖ ಮಾಡಿ ಕೂರಬೇಕು, ಘಟ್ಟದಲ್ಲಿ ವಾಂತಿ ಬರುವವರಿಗೆ ಹೇಳಿ ಮಾಡಿಸಿದ್ದಲ್ಲ. ಕೆಎಲ್‌ಎಂ ಮತ್ತು ಏರ್ ಫ್ರಾನ್ಸ್‌ನ ಬೋಯಿಂಗ್ 777ಗಳಲ್ಲಿ 1-2-1 ಇರುತ್ತದೆ. ಒಂದೇ ಕಂಪನಿ, ಒಂದೇ ದಾರಿ, ಆದರೂ ವಿಮಾನ ಬೇರೆಯಾದರೆ ಸೀಟು ಬೇರೆ. ಕಂಪನಿ ಹೆಸರು ನೋಡಿ ಸುಮ್ಮನಾಗಬೇಡಿ, ನಿಮ್ಮ ದಿನದ ವಿಮಾನದ ನಕ್ಷೆ ತೆರೆದು ನೋಡಿ.

ನಾನು ನೋಡಿಯೇ ಬುಕ್ ಮಾಡಿದ್ದೆ. ಹೊರಡುವ ನಾಲ್ಕು ದಿನ ಮೊದಲು ಕಂಪನಿ ವಿಮಾನವನ್ನೇ ಬದಲಿಸಿತು. ಅಮ್ಮನಿಗೆ ಆರಿಸಿದ್ದ ದಾರಿ ಬದಿಯ ಸೀಟು ಕಿಟಕಿಯ ಒಳಮೂಲೆಗೆ ಹೋಗಿ ಕೂತಿತ್ತು. ತಿಳಿಸುವ ಒಂದು ಸಾಲಿನ ಮೆಸೇಜೂ ಇಲ್ಲ. ಫೋನಿನಲ್ಲಿ ನಲವತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಬದಲಿಸಿಕೊಟ್ಟರು. ಅಂದಿನಿಂದ ಬುಕಿಂಗ್ ಆದ ಮೇಲೆ ವಾರಕ್ಕೊಮ್ಮೆ, ಕೊನೆಯ ವಾರ ದಿನಾ ನಕ್ಷೆ ತೆಗೆದು ನೋಡುವುದು ರೂಢಿಯಾಗಿದೆ.

ಇನ್ನೊಂದು ಸಣ್ಣ ವಿಷಯ. ಹಾಸಿಗೆ ಬಿಚ್ಚಿದಾಗ ಪಾದಗಳು ಮುಂದಿನ ಸೀಟಿನ ಬದಿಯಲ್ಲಿರುವ ಸಣ್ಣ ಗೂಡಿನೊಳಗೆ ಹೋಗುತ್ತವೆ. ಕೆಲವು ವಿಮಾನಗಳಲ್ಲಿ ಅದು ತೀರಾ ಇಕ್ಕಟ್ಟು. ಕ್ಯಾಬಿನ್‌ನ ಮೊದಲ ಸಾಲಿನಲ್ಲಿ ಹೆಚ್ಚಾಗಿ ಗೂಡು ಅಗಲ ಇರುತ್ತದೆ. ಕಾಲು ನೋವಿನವರಿಗೆ ಅದು ಸಿಗುತ್ತದಾ ನೋಡಿ.

3. ಒಂದೇ ಟಿಕೆಟ್, ಯುರೋಪಿನ ಕಾನೂನು

ಕಾರವಾರದವರು ಗೋವಾದಿಂದ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಯಿಂದ ಮೊದಲು ಬೆಂಗಳೂರಿಗೋ ಮುಂಬೈಗೋ ಹಾರಬಹುದು. ಆದರೆ ಅದನ್ನು ಅಗ್ಗಕ್ಕೆ ಬೇರೆ ಟಿಕೆಟ್ ಆಗಿ ತೆಗೆದರೆ ಮೊದಲ ವಿಮಾನ ತಡವಾದಾಗ ಎರಡನೆಯದು ನಿಮ್ಮನ್ನು ಕಾಯುವುದಿಲ್ಲ, ದುಡ್ಡೂ ಹೋಗುತ್ತದೆ. ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ದಾರಿ ತೋರಿಸುವುದು ಅವರ ಕೆಲಸ, ಬ್ಯಾಗೂ ಕೊನೆಯ ಊರಿನ ತನಕ ಹೋಗುತ್ತದೆ. ಏರ್ ಫ್ರಾನ್ಸ್, ಕೆಎಲ್‌ಎಂಗೆ ಇಂಡಿಗೋ ಜತೆ ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಟಿಕೆಟ್ ಮಾರುವ ಕೋಡ್‌ಶೇರ್ ಇದೆ, ಲುಫ್ತಾನ್ಸಾಕ್ಕೆ ಏರ್ ಇಂಡಿಯಾ ಜತೆ. ಕಾರವಾರದವರಿಗೆ ಒಂದು ಎಚ್ಚರಿಕೆ: ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ದಾಬೋಲಿಂ ನಿಮಗೆ ಹತ್ತಿರ, 90 ಕಿಲೋಮೀಟರ್ ಆಸುಪಾಸು. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರ ಗೋವಾದ ಆ ತುದಿಯಲ್ಲಿದೆ. ಟಿಕೆಟ್‌ನಲ್ಲಿ ಜಿಓಐ ಅಂದರೆ ದಾಬೋಲಿಂ, ಜಿಓಎಕ್ಸ್ ಅಂದರೆ ಮೋಪಾ.

ಯುರೋಪಿನ ಕಂಪನಿಯನ್ನೇ ಆರಿಸಲು ನನಗಿರುವ ದೊಡ್ಡ ಕಾರಣ ಒಂದು ಕಾನೂನು. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮ. ಒಕ್ಕೂಟದ ದೇಶದಿಂದ ಹೊರಡುವ ಯಾವ ಕಂಪನಿಯ ವಿಮಾನಕ್ಕೂ ಇದು ಅನ್ವಯ. ಆದರೆ ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಒಕ್ಕೂಟದ ಕಂಪನಿಯಾದರೆ ಮಾತ್ರ. ಇಷ್ಟು ದೂರದ ಹಾರಾಟ ಕಂಪನಿಯ ತಪ್ಪಿನಿಂದ 4 ಗಂಟೆಗಿಂತ ಜಾಸ್ತಿ ತಡವಾಗಿ ಮುಟ್ಟಿದರೆ ತಲೆಗೆ 600 ಯೂರೋ ಪರಿಹಾರ. 3ರಿಂದ 4 ಗಂಟೆ ತಡವಾದರೆ ಅದನ್ನು ಅರ್ಧಕ್ಕೆ ಇಳಿಸಬಹುದು. ಹವಾಮಾನದಂಥ ಕಾರಣವಾದರೆ ದುಡ್ಡಿಲ್ಲ, ಕಾಯುವಾಗಿನ ಊಟ, ಬೇಕಾದರೆ ಹೋಟೆಲ್ ಮಾತ್ರ. ಬಿಸಿನೆಸ್‌ನವರಿಗೆ ಇನ್ನೊಂದು ಕಲಂ ಮುಖ್ಯ. ಸೀಟು ಸಾಲದೆ ನಿಮ್ಮನ್ನು ಕೆಳಗಿನ ದರ್ಜೆಗೆ ತಳ್ಳಿದರೆ ಆ ಹಾರಾಟದ ಟಿಕೆಟ್ ಬೆಲೆಯ 75 ಶೇಕಡಾ ವಾಪಸ್ ಕೊಡಬೇಕು, ಅದೂ 7 ದಿನದೊಳಗೆ. ಕೌಂಟರಿನಲ್ಲಿ ಒಂದು ವೋಚರ್ ಕೈಗಿಟ್ಟು ನಕ್ಕರೆ ನೀವು ನಗಬೇಡಿ.

ವೀಸಾ ವಿಷಯ ಎಲ್ಲರೂ ಬರೆಯುತ್ತಾರೆ, ನಾನು ಉದ್ದ ಮಾಡುವುದಿಲ್ಲ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಅದರ ವೀಸಾ ಶುಲ್ಕ 90 ಯೂರೋ, ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಅರ್ಜಿ ಹಾಕಲು ಬಿಡುವುದು ಹೊರಡುವ 6 ತಿಂಗಳ ಒಳಗೆ. ಕೊನೆಯ ಗಡುವು ಹೊರಡುವ 15 ದಿನ ಮೊದಲು ಅಂತಿದ್ದರೂ ಅಲ್ಲಿಯವರೆಗೆ ಕಾಯುವವರು ಗಟ್ಟಿ ಎದೆಯವರು. ಲಂಡನ್ ಮೂಲಕ ಹೋಗುವುದಾದರೆ ಷೆಂಗೆನ್ ವೀಸಾ ಒಂದೇ ಸಾಕು ಅಂದುಕೊಳ್ಳಬೇಡಿ, ಬ್ರಿಟನ್ ಷೆಂಗೆನ್‌ನಲ್ಲಿಲ್ಲ, ಅಲ್ಲಿನ ಟ್ರಾನ್ಸಿಟ್ ನಿಯಮ ಬೇರೆ.

4. ಊಟ ಬರೆಸುವಾಗ ನಾನು ಮಾಡಿದ ತಪ್ಪು

ವಿಶೇಷ ಊಟವನ್ನು ಹೊರಡುವ 24 ಗಂಟೆಗೆ ಮೊದಲೇ ಬರೆಸಬೇಕು. ಕೆಲವು ಕಂಪನಿಗಳಿಗೆ ಇನ್ನೂ ಮೊದಲು. ಪಟ್ಟಿಯಲ್ಲಿ "ಹಿಂದೂ ಮೀಲ್" ಅಂತ ಕಂಡಿತು. ಹಿಂದೂ ಅಂದ ಮೇಲೆ ನಮ್ಮದೇ ಅಂತ ಒತ್ತಿಬಿಟ್ಟೆ. ವಿಮಾನದಲ್ಲಿ ಬಿಳಿ ಬಟ್ಟೆ ಹಾಸಿ, ಹೂವಿಟ್ಟು, ಅಮ್ಮನ ಮುಂದೆ ತಂದಿಟ್ಟದ್ದು ಕೋಳಿ! ವಿಮಾನದ ಭಾಷೆಯಲ್ಲಿ ಹಿಂದೂ ಊಟ ಅಂದರೆ ಗೋಮಾಂಸ ಇಲ್ಲದ ಮಾಂಸದ ಊಟ. ಅದರ ಸಂಕೇತ ಎಚ್‌ಎನ್‌ಎಂಎಲ್. ನಮ್ಮ ಥರದ ಸಸ್ಯಾಹಾರಕ್ಕೆ ಬೇಕಾದ್ದು ಏಷ್ಯನ್ ವೆಜಿಟೇರಿಯನ್, ಸಂಕೇತ ಎವಿಎಂಎಲ್. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಜೈನ್ ಮೀಲ್, ವಿಜೆಎಂಎಲ್. "ಲ್ಯಾಕ್ಟೋ-ಓವೋ" ಅಂತಿದ್ದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಕಾರವಾರದ ಕಡೆಯವರಿಗೆ ಸೀಫುಡ್ ಮೀಲ್ ಕೊಡುವ ಕಂಪನಿಗಳೂ ಇವೆ, ಆದರೆ ಬಂಗಡೆ ಸಾರಿನ ಆಸೆ ಇಟ್ಟುಕೊಳ್ಳಬೇಡಿ.

ಅವತ್ತು ಅಮ್ಮ ಬ್ರೆಡ್ಡು, ಹಣ್ಣು, ಐಸ್‌ಕ್ರೀಮಿನಲ್ಲಿ ಮುಗಿಸಿದರು. ಪರಿಚಾರಕಿ ಪಾಪ ಮೂರು ಸಲ ಕ್ಷಮೆ ಕೇಳಿದಳು, ತಪ್ಪು ನನ್ನದಾಗಿತ್ತು.

5. ಬ್ಯಾಗು: ತೂಕ ಸಾಕಷ್ಟಿದೆ, ನಿಯಮವೂ ಇದೆ

ದೂರದ ಬಿಸಿನೆಸ್ ಟಿಕೆಟ್‌ಗೆ ಸಾಮಾನ್ಯವಾಗಿ 32 ಕಿಲೋದ ಎರಡು ಬ್ಯಾಗ್. ಅಗ್ಗದ ಬಿಸಿನೆಸ್ ದರಗಳಲ್ಲಿ ಕಡಿಮೆ ಇರಬಹುದು, ಟಿಕೆಟ್‌ನಲ್ಲಿ ಓದಿಕೊಳ್ಳಿ. 64 ಕಿಲೋ ಅಂದ ಕೂಡಲೇ ಅಮ್ಮ ಅಟ್ಟ ಹತ್ತಿದ್ದರು.

ಹಲಸಿನ ಹಪ್ಪಳ, ಸಾಂಬಾರ್ ಪುಡಿ, ಒಣಗಿಸಿದ ಮುರುಗಲು ಸಿಪ್ಪೆ ತೊಂದರೆಯಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯೂ ಹೋಗುತ್ತದೆ, ಆದರೆ ಕೆಳಗೆ ಹಾಕುವ ಬ್ಯಾಗಿನಲ್ಲಿ ಮಾತ್ರ. ಕೈಚೀಲದಲ್ಲಿಟ್ಟರೆ ಅದು ದ್ರವದ ಲೆಕ್ಕ, 100 ಮಿಲಿ ದಾಟಿದರೆ ಸೆಕ್ಯುರಿಟಿಯಲ್ಲೇ ಬಿಟ್ಟು ನಡೆಯಬೇಕು. ಜೋನಿಬೆಲ್ಲಕ್ಕೂ ಇದೇ ನಿಯಮ. ಬಾಟಲಿ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮುಚ್ಚಳ ಬಿಗಿದು, ಹಳೆ ಪಂಚೆ ಸುತ್ತಿ ಬ್ಯಾಗಿನ ನಡುವಲ್ಲಿಡಿ.

ಒಕ್ಕೂಟದೊಳಗೆ ಬಿಡದಿರುವುದು ಹಾಲು ಮತ್ತು ಮಾಂಸದ ಪದಾರ್ಥ. ಅಂದರೆ ಮನೆಯ ತುಪ್ಪ, ಪೇಡಾ ಬೇಡ. ಬಾಣಂತಿಗೆ ತುಪ್ಪ ಬೇಕೇ ಬೇಕು ಅಂತ ಅಮ್ಮ ಹಟ ಹಿಡಿದರು, ಅಲ್ಲೇ ಬೆಣ್ಣೆ ಕೊಂಡು ಕಾಯಿಸಿದರಾಯಿತು ಅಂತ ತಂಗಿ ಫೋನಿನಲ್ಲಿ ಒಪ್ಪಿಸಿದಳು. ಜೇನುತುಪ್ಪ 2 ಕಿಲೋ ತನಕ ಆಗುತ್ತದೆ. ಒಣಮೀನಿಗೂ ಅವಕಾಶ ಇದೆ, ಪಕ್ಕದ ಬಟ್ಟೆಗಳ ಗತಿ ನಿಮಗೆ ಬಿಟ್ಟದ್ದು. ಹಸಿ ಹಣ್ಣು, ತರಕಾರಿ, ಎಲೆಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದೇ ಹಣ್ಣಿಗೆ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್. ಮಾವು ಇಲ್ಲ, ಕರಿಬೇವು ಇಲ್ಲ, ವೀಳ್ಯದೆಲೆ ಇಲ್ಲ. ಕವಳ ಹಾಕುವವರು ಮನೆಯಿಂದಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೊರಡಿ. ತೆಂಗಿಗೆ ಅಲ್ಲಿ ಅಡ್ಡಿ ಇಲ್ಲದಿದ್ದರೂ ಒಣಕೊಬ್ಬರಿಯನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ, ಎಣ್ಣೆಯಂಶ ಇರುವ ಅದು ಬೆಂಕಿ ಹಿಡಿಯುವ ವಸ್ತು.

6. ತಾರೀಖಿನ ಗೊಂದಲ, ಘಟ್ಟದ ದಾರಿ

12ನೇ ತಾರೀಖು ನಸುಕಿನ 2.40ಕ್ಕೆ ವಿಮಾನ ಅಂದರೆ ನೀವು ವಿಮಾನ ನಿಲ್ದಾಣದಲ್ಲಿರಬೇಕಾದ್ದು 11ರ ರಾತ್ರಿ. 12ರ ಬೆಳಿಗ್ಗೆ ಬೆಂಗಳೂರಲ್ಲಿ ಬಸ್ಸಿಳಿಯುವ ಲೆಕ್ಕ ಹಾಕಿದರೆ ವಿಮಾನ ಅಷ್ಟೊತ್ತಿಗೆ ಅರಬ್ಬಿ ಸಮುದ್ರ ದಾಟಿರುತ್ತದೆ. ನಾವು ಮಾಡುವುದು ಹೀಗೆ: 10ರ ರಾತ್ರಿ ಶಿರಸಿಯಲ್ಲಿ ಬಸ್ ಹತ್ತುವುದು, 11ರ ಹಗಲು ಬೆಂಗಳೂರಲ್ಲಿ ನೆಂಟರ ಮನೆಯಲ್ಲಿ ಮಲಗುವುದು, ರಾತ್ರಿ ಊಟ ಮಾಡಿ ಹತ್ತು ಗಂಟೆಗೆ ಹೊರಡುವುದು. ಕಾರವಾರ, ಅಂಕೋಲಾ, ಕುಮಟಾದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ಮಳೆಗಾಲದಲ್ಲಿ ಇನ್ನೊಂದು ದಿನ ಜಾಸ್ತಿ ಇಟ್ಟುಕೊಳ್ಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಬಿದ್ದಿದ್ದು ಯಾರೂ ಮರೆತಿಲ್ಲ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟ ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚುತ್ತದೆ ಅನ್ನುವುದು ವಿಮಾನ ಕಂಪನಿಗೆ ಗೊತ್ತಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ.

7. ನಿಲ್ದಾಣದಲ್ಲಿ, ವಿಮಾನದಲ್ಲಿ

ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಲ್ಲಿ. ಹುಬ್ಬಳ್ಳಿಯಿಂದ ಇಂಡಿಗೋದಲ್ಲಿ ಬಂದರೆ ಇಳಿಯುವುದು ಒಂದನೇ ಟರ್ಮಿನಲ್‌ನಲ್ಲಿ, ಅಲ್ಲಿಂದ ಇಲ್ಲಿಗೆ ಬರಲು ಸಮಯ ಇಟ್ಟುಕೊಳ್ಳಿ. ಎರಡನೇ ಟರ್ಮಿನಲ್‌ನ ಬಿದಿರಿನ ಚಾವಣಿ ನೋಡಿ ಅಮ್ಮ ಕೇಳಿದ್ದು ಒಂದೇ ಮಾತು: "ಇಷ್ಟು ಬಿದಿರನ್ನು ಯಾವ ಬೆಟ್ಟದಿಂದ ಕಡಿದರೋ!"

ನಡೆಯಲು ಕಷ್ಟ ಇರುವವರಿಗೆ ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ಬರೆಸಿಡಿ, ಅದಕ್ಕೆ ದುಡ್ಡಿಲ್ಲ. ಬಿಸಿನೆಸ್‌ನವರಿಗೆ ಚೆಕ್-ಇನ್ ಸಾಲು ಬೇರೆ. ಲೌಂಜ್ ಇದೆ, ಊಟ ಇದೆ. ಆದರೆ ನನ್ನ ಸಲಹೆ: ಮನೆಯಲ್ಲೋ ಲೌಂಜಿನಲ್ಲೋ ಹೊಟ್ಟೆ ತುಂಬಿಸಿಕೊಂಡು ವಿಮಾನ ಹತ್ತಿ. ನಸುಕಿನ ಮೂರು ಗಂಟೆಗೆ ಮೂರು ಸುತ್ತಿನ ಊಟ ಮಾಡುತ್ತಾ ಕೂತರೆ ಎರಡು ಗಂಟೆ ನಿದ್ದೆ ಹೋಯಿತು. ಅಷ್ಟು ದುಡ್ಡು ಕೊಟ್ಟು ಕೊಂಡದ್ದು ನಿದ್ದೆಯನ್ನಲ್ವಾ? ಹತ್ತಿದ ಕೂಡಲೇ ಪರಿಚಾರಕಿಗೆ "ಊಟ ಬೇಡ, ತಿಂಡಿಗೆ ಎಬ್ಬಿಸಿ" ಅಂದುಬಿಡಿ.

ಹಾಸಿಗೆ ಮಾಡುವುದು ನೋಡುವಂತಿತ್ತು. ವಿಮಾನ ಮೇಲೇರಿ ದೀಪ ಸಣ್ಣಗಾದ ಮೇಲೆ ಅಮ್ಮನನ್ನು ಎಬ್ಬಿಸಿ ನಿಲ್ಲಿಸಿದೆ. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ ಜಾರಿತು, ಕೂರುವ ಭಾಗ ಮುಂದಕ್ಕೆ ಬಂತು, ಕಾಲಿನ ಹಲಗೆ ಮೇಲೆದ್ದು ಮೂರೂ ಒಂದೇ ಮಟ್ಟಕ್ಕೆ ಸೇರಿದವು. ಎರಡು ಮೀಟರ್ ಹತ್ತಿರದ ಉದ್ದ. ಅದರ ಮೇಲೆ ತೆಳ್ಳನೆ ಹಾಸು, ದಿಂಬು, ಹೊದಿಕೆ. ಎರಡನೇ ದಿಂಬು ಕೇಳಿ ಅಮ್ಮನ ಮೊಣಕಾಲ ಕೆಳಗೆ ಇಟ್ಟೆ. ಬೆಲ್ಟನ್ನು ಹೊದಿಕೆಯ ಮೇಲೆ ಕಟ್ಟಿ. ಒಳಗೆ ಕಟ್ಟಿದರೆ ವಿಮಾನ ಕುಲುಕಿದಾಗಲೆಲ್ಲ ಬೆಲ್ಟ್ ಹಾಕಿದ್ದೀರಾ ಅಂತ ನೋಡಲು ನಿಮ್ಮನ್ನು ಎಬ್ಬಿಸುತ್ತಾರೆ. ಅಮ್ಮ ಐದು ನಿಮಿಷ ಅತ್ತಿತ್ತ ನೋಡಿದರು, ಕಿವಿಯ ಬೆಂಡೋಲೆ ಬಿಚ್ಚಿ ಪರ್ಸಿಗೆ ಹಾಕಿದರು, ಮನೆಯಲ್ಲಿ ಮಲಗುವ ಹಾಗೇ ಬಲಕ್ಕೆ ಹೊರಳಿ ಮಲಗಿದರು. ಆರು ಗಂಟೆ ಎದ್ದೇ ಇಲ್ಲ. ನನ್ನ ಪ್ರಕಾರ ಟಿಕೆಟ್ ದುಡ್ಡು ವಸೂಲಾದದ್ದು ಆ ಆರು ಗಂಟೆಯಲ್ಲಿ.

ಕೆಎಲ್‌ಎಂನಲ್ಲಿ ಹೋದರೆ ಇಳಿಯುವ ಮೊದಲು ನೀಲಿ-ಬಿಳಿ ಪಿಂಗಾಣಿಯ ಪುಟ್ಟ ಮನೆಯೊಂದನ್ನು ಕೊಡುತ್ತಾರೆ. 1950ರ ದಶಕದಿಂದ ಬಂದ ಪದ್ಧತಿ. ಕಂಪನಿ ಹುಟ್ಟಿದ ದಿನ ಅಕ್ಟೋಬರ್ 7, ಪ್ರತಿ ವರ್ಷ ಅಂದು ಹೊಸ ಮನೆ. ಚಂದ ಇದೆ ಅಂತ ಸೀದಾ ದೇವರ ಗೂಡಿನ ಪಕ್ಕ ಇಡಬೇಡಿ, ಒಳಗೆ ಡಚ್ಚರ ಜೆನೆವರ್ ಅನ್ನುವ ಮದ್ಯ ಇರುತ್ತದೆ.

ಪಾಸ್‌ಪೋರ್ಟ್ ತಪಾಸಣೆ ಕೊನೆಯ ಊರಲ್ಲಲ್ಲ, ಷೆಂಗೆನ್‌ನಲ್ಲಿ ಮೊದಲು ಇಳಿಯುವ ಊರಲ್ಲಿ. 2025ರ ಅಕ್ಟೋಬರ್ 12ರಿಂದ ಅಲ್ಲಿ ಬೆರಳಚ್ಚು, ಫೋಟೋ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ. ಸಾಲು ಉದ್ದ ಇರಬಹುದು, ಬಿಸಿನೆಸ್ ಟಿಕೆಟ್ ತೋರಿಸಿದರೆ ಕರಗುವ ಸಾಲೂ ಅಲ್ಲ. ಮುಂದಿನ ವಿಮಾನಕ್ಕೆ ಎರಡೂವರೆ-ಮೂರು ಗಂಟೆ ಅಂತರ ಇರುವಂತೆ ಬುಕ್ ಮಾಡಿ. ಸಮಯ ಉಳಿದರೆ ಲೌಂಜಿನಲ್ಲಿ ಸ್ನಾನಕ್ಕೆ ಶವರ್ ಕೇಳಿ. ಬಿಸಿನೀರು ಬಿದ್ದ ಮೇಲೆ ಅಮ್ಮ ಬಾಯಿ ಬಿಟ್ಟು ಹೊಗಳಿದ್ದು ಅದೊಂದನ್ನೇ.

ವಾಪಸ್ ಬರುವಾಗ ಬೆಂಗಳೂರಲ್ಲಿ ಇಳಿಯುವುದು ಮಧ್ಯರಾತ್ರಿ ಆಸುಪಾಸಿಗೆ. ಶಿರಸಿಯ ರಾತ್ರಿ ಬಸ್ಸುಗಳು ಅಷ್ಟೊತ್ತಿಗೆ ಹೋಗಿರುತ್ತವೆ. ಹಗಲೆಲ್ಲ ಎಚ್ಚರವಿದ್ದ ಮೈಯಲ್ಲಿ ರಾತ್ರೋರಾತ್ರಿ ಕಾರು ಹೊಡೆಸಿಕೊಂಡು ಹೊರಡಬೇಡಿ. ನಿಲ್ದಾಣದ ಹತ್ತಿರವೋ ನೆಂಟರ ಮನೆಯಲ್ಲೋ ಮಲಗಿ, ಮಾರನೆ ರಾತ್ರಿಯ ಸ್ಲೀಪರ್ ಬಸ್ಸಿಗೆ ಮೊದಲೇ ಬುಕ್ ಮಾಡಿಡಿ. ಸಿಂಗಲ್ ಬದಿ, ಕೆಳಗಿನ ಹಾಸಿಗೆ.